ಸಿಟ್ಟು, ರೇಗಾಟ, ಹೊಡೆದಾಟ: ಕೋಲಾರದ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಕೋಲಾರ ಜಿಲ್ಲೆಯಲ್ಲಿ ಆಪ್ತಸಮಾಲೋಚಕಿಯಾಗಿರುವ ನನ್ನ ಮುಂದೆ ಬಂದು ಕೂರುವವರಲ್ಲಿ ಬಹಳ ಜನರ ಮಾತು ಸುತ್ತಿಬಳಸಿ ಕೋಪಕ್ಕೇ ಬರುತ್ತದೆ. ಅವರು ಕೇಳುವ ರೀತಿಯಲ್ಲೇ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ. ನಿಮಗೆ ಬೇಕಾದದ್ದಕ್ಕೆ ನೇರ ಹೋಗಬಹುದು. ಮೊದಲನೆಯದನ್ನು ಮಾತ್ರ ಬಿಡಬೇಡಿ, ಮಿಕ್ಕ ಉತ್ತರಗಳಿಗೆ ಅದೇ ಬುನಾದಿ.

ಸಿಟ್ಟು ಬರೋದೇ ತಪ್ಪಾ ಮೇಡಂ?

ತಪ್ಪಲ್ಲ. ಹಸಿವಿನ ಹಾಗೆ ಅದೂ ಬರುತ್ತದೆ. ಬಂದ ಮೇಲೆ ಕೈ ಎತ್ತುವುದು, ತಟ್ಟೆ ಎಸೆಯುವುದು, ಹೆದರಿಸುವುದು, ಅವಮಾನ ಮಾಡುವುದು ಬೇರೆ ಲೆಕ್ಕ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಯಾವುದನ್ನೂ ಸರಿಮಾಡಲಾಗದು.

ಯಾರು ಬಂದರೂ ನಾನು ಮೂರು ವಿಷಯ ಕೇಳುತ್ತೇನೆ. ಅದಕ್ಕೆ ಮುಂಚೆ ಏನಾಯ್ತು? ಯಾರ ಮೇಲೆ ತಿರುಗಿತು? ಆಮೇಲೆ ಏನು ಸಿಕ್ತು? ಮೊದಲನೆಯದು ಹಸಿವು, ನಿದ್ದೆಗೇಡು, ನೋವು, ಭಯ, ಅವಮಾನಗಳನ್ನು ಹೊರಗೆ ತರುತ್ತದೆ. ಎರಡನೆಯದು ಅದಕ್ಕಿಂತ ಹೆಚ್ಚು ಹೇಳುತ್ತದೆ. "ಕೋಪ ಬಂದ್ರೆ ನನಗೆ ಕಣ್ಣೇ ಕಾಣಲ್ಲ" ಅನ್ನುವವರಿಗೆ ಸಾಹೇಬರ ಮುಂದೆ, ಪೊಲೀಸರ ಮುಂದೆ ಕಣ್ಣು ಚೆನ್ನಾಗಿಯೇ ಕಾಣುತ್ತಿರುತ್ತದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ನಮ್ಮವರು ಸುಮ್ಮನೆ ಹೇಳಲಿಲ್ಲ. ಆಮೇಲೆ ಏನು ಸಿಕ್ತು ಅನ್ನುವುದರಲ್ಲಿ ಆ ನಡತೆ ಯಾಕೆ ಮತ್ತೆ ಮತ್ತೆ ಬರುತ್ತಿದೆ ಅನ್ನುವ ಗುಟ್ಟಿರುತ್ತದೆ.

ಎರಡೂವರೆ ವರ್ಷದ ಮಗ ಕಚ್ತಾನೆ, ಹೊಡೀತಾನೆ. ದೊಡ್ಡವನಾದ ಮೇಲೆ ರೌಡಿ ಆಗ್ತಾನಾ?

ಮನುಷ್ಯ ತನ್ನ ಇಡೀ ಆಯಸ್ಸಿನಲ್ಲಿ ಅತಿ ಹೆಚ್ಚು ಸಲ ಕೈ ಮಾಡುವುದು ಈ ವಯಸ್ಸಿನಲ್ಲೇ. ಕೆನಡಾದ ರಿಚರ್ಡ್ ಟ್ರಾಂಬ್ಲೆ ಮತ್ತು ಸಂಗಡಿಗರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡದ್ದು ಇದು: ತಳ್ಳುವುದು, ಹೊಡೆಯುವುದು, ಕಚ್ಚುವುದು 2ರಿಂದ 4 ವರ್ಷದ ನಡುವೆ ತುದಿ ಮುಟ್ಟುತ್ತದೆ, ಮಾತು ಕಲಿತಂತೆ ಬಹುತೇಕ ಮಕ್ಕಳಲ್ಲಿ ಇಳಿಯುತ್ತದೆ. ಅಂದರೆ ಮಕ್ಕಳು ಹೊಡೆಯುವುದನ್ನು ಕಲಿಯುವುದಕ್ಕಿಂತ ಹೊಡೆಯದಿರುವುದನ್ನು ಕಲಿಯುತ್ತವೆ.

ಕಚ್ಚಿದಾಗ ಮಗುವಿನ ಎತ್ತರಕ್ಕೆ ಕೂತು, ಕೈ ಹಿಡಿದು, "ಕಚ್ಚಬಾರದು, ನೋವಾಗತ್ತೆ" ಅಂತ ಚಿಕ್ಕದಾಗಿ ಹೇಳಿ. ಭಾಷಣ ಬೇಡ. "ನಿಂಗೆ ಆ ಲಾರಿ ಬೇಕಿತ್ತಾ? ಕೊಡು ಅಂತ ಕೇಳು" ಅಂತ ಮಾತು ಕೊಡಿ. ತಿರುಗಿ ಕಚ್ಚಿ ತೋರಿಸುವ ಮದ್ದು ಕೆಲವರು ಹೇಳುತ್ತಾರೆ, ದಯವಿಟ್ಟು ಬೇಡ.

ನಮ್ಮ ಮನೆಗಳ ಎರಡು ಅಭ್ಯಾಸಗಳ ಬಗ್ಗೆ ನನಗೆ ತಕರಾರಿದೆ. ಒಂದು, "ಎಲ್ಲಿ, ತಾತನಿಗೆ ಒಂದೇಟು ಹಾಕು ನೋಡೋಣ" ಅಂತ ಹೊಡೆಸಿಕೊಂಡು ಮನೆಮಂದಿಯೆಲ್ಲ ನಗುವುದು. ಇನ್ನೊಂದು, ಮಗು ಎಡವಿ ಬಿದ್ದಾಗ ನೆಲಕ್ಕೆ ಪಟಪಟ ಹೊಡೆದು "ನೆಲಕ್ಕೆ ಹಾಕಿದೆ ನೋಡು ಕಂದಾ, ಅಳಬೇಡ" ಅನ್ನುವುದು. ಪ್ರೀತಿಯಿಂದಲೇ ಮಾಡುತ್ತೇವೆ. ಆದರೆ ನೋವಾದರೆ ಇನ್ನೊಬ್ಬರಿಗೆ ಹೊಡೆಯಬೇಕು ಅನ್ನುವ ಪಾಠ ಅಲ್ಲಿಂದಲೇ ಶುರು.

ಮೊಬೈಲ್ ಕಿತ್ಕೊಂಡ್ರೆ ಮಗಳು ಮನೆ ತಲೆಕೆಳಗೆ ಮಾಡ್ತಾಳೆ. ಕೊಟ್ರೆ ಗಪ್‌ಚುಪ್. ಏನ್ಮಾಡೋಣ?

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಅವಳು ಕಿರುಚುತ್ತಾಳೆ, ನೀವು ಕೊಡುತ್ತೀರಿ, ಅವಳು ಸುಮ್ಮನಾಗುತ್ತಾಳೆ. ಕಿರುಚಿದರೆ ಸಿಗುತ್ತದೆ ಅಂತ ಅವಳು ಕಲಿತಳು, ಕೊಟ್ಟರೆ ನೆಮ್ಮದಿ ಅಂತ ನೀವು ಕಲಿತಿರಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್‌ಸನ್ ಮನೆಮನೆಗಳಲ್ಲಿ ನೋಡಿ ವಿವರಿಸಿದ್ದು ಇದೇ ಸುಳಿಯನ್ನು. ದಿನಾ ಕೊಡುವುದಕ್ಕಿಂತಲೂ ಕೆಟ್ಟದ್ದು ನಾಲ್ಕು ದಿನ ಇಲ್ಲ ಅಂದು ಐದನೇ ದಿನ ಸೋಲುವುದು. ಇನ್ನೂ ಸ್ವಲ್ಪ ಜೋರು ಮಾಡಿದರೆ ಸಿಕ್ಕೀತು ಅನ್ನುವ ಆಸೆ ಅದರಿಂದ ಗಟ್ಟಿಯಾಗುತ್ತದೆ.

ಮುಂಚೆಯೇ ಹೊತ್ತು ಗೊತ್ತುಮಾಡಿ, ಮುಗಿಯುವ ಐದು ನಿಮಿಷ ಮುಂಚೆ ಎಚ್ಚರಿಸಿ, ಆಮೇಲೆ ತೆಗೆದಿಡಿ. ಮೊದಲ ದಿನಗಳಲ್ಲಿ ರಂಪ ಹೆಚ್ಚುತ್ತದೆ. ಅದು ಕೆಲಸ ಮಾಡುತ್ತಿಲ್ಲ ಅನ್ನುವ ಗುರುತಲ್ಲ. ಆ ದಿನಗಳಲ್ಲಿ ಅಜ್ಜಿ ತಮ್ಮ ಫೋನು ಗುಟ್ಟಾಗಿ ಕೊಡದ ಹಾಗೆ ಮೊದಲೇ ಮಾತಾಡಿಕೊಳ್ಳಿ. ಬಹಳ ಮನೆಗಳಲ್ಲಿ ಕೆಡುವುದು ಅಲ್ಲೇ.

ಎರಡೇಟು ಬೀಳದೆ ಮಕ್ಕಳು ಸರಿಹೋಗ್ತಾರಾ? ನಾವೂ ಏಟು ತಿಂದೇ ಬೆಳೆದೋರು.

ಏಟು ಆ ಗಳಿಗೆಗೆ ಕೆಲಸ ಮಾಡುತ್ತದೆ, ಅದಕ್ಕೇ ನಾವು ಅದನ್ನು ಬಿಡಲ್ಲ. ದೊಡ್ಡವರಿಗೂ ಆಮೇಲೆ ಏನೋ ಸಿಗುತ್ತದಲ್ಲ, ತಕ್ಷಣದ ಮೌನ. 1961ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬಂಡೂರ ಒಂದು ಪ್ರಯೋಗ ಮಾಡಿದರು. ದೊಡ್ಡವರು ಒಂದು ಬೊಂಬೆಗೆ ಹೊಡೆಯುವುದನ್ನು ನೋಡಿದ ಮಕ್ಕಳು ಆಮೇಲೆ ಅದೇ ಬೊಂಬೆಗೆ ಅದೇ ರೀತಿ ಹೊಡೆದರು, ದೊಡ್ಡವರು ಬಳಸಿದ ಮಾತುಗಳನ್ನೂ ಬಳಸಿದರು. ತಂಗಿಗೆ ಹೊಡೆದ ಅಂತ ಅಣ್ಣನಿಗೆ ಹೊಡೆಯುವಾಗ ನಾವು ತೋರಿಸಿಕೊಡುತ್ತಿರುವುದು ಏನು ಅಂತ ಯೋಚಿಸಿ.

ಶಾಲೆಯಲ್ಲಂತೂ ಚರ್ಚೆಯೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. "ಮೇಷ್ಟ್ರೇ, ಚರ್ಮ ಸುಲಿದ್ರೂ ಪರವಾಗಿಲ್ಲ" ಅಂತ ಅಪ್ಪ ಬಂದು ಹೇಳಿಹೋದರೂ ಹೊಡೆಯುವ ಅಧಿಕಾರ ಮೇಷ್ಟ್ರಿಗೆ ಬರುವುದಿಲ್ಲ.

ಸ್ಕೂಲಿಂದ ದಿನಾ ದೂರು. ಇವನೇ ಎಲ್ಲರಿಗೂ ಹೊಡೀತಾನಂತೆ.

ಎಲ್ಲಿ, ಯಾವ ಪೀರಿಯಡ್, ಯಾರ ಜೊತೆ ಅಂತ ಟೀಚರ್ ಹತ್ತಿರ ಒಂದು ವಾರ ಬರೆಸಿ. ಬಿಸಿಯೂಟದ ಸಾಲಿನಲ್ಲಿ ಮಾತ್ರ, ಗಣಿತದ ಪೀರಿಯಡ್‌ನಲ್ಲಿ ಮಾತ್ರ ಅಂತ ಏನಾದರೂ ಎದ್ದು ಕಾಣುತ್ತದೆ. ಓದಲು ಬಾರದ ಹುಡುಗನಿಗೆ ದಡ್ಡ ಅನ್ನಿಸಿಕೊಳ್ಳುವುದಕ್ಕಿಂತ ಪುಂಡ ಅನ್ನಿಸಿಕೊಳ್ಳುವುದು ವಾಸಿ. ಕಣ್ಣು, ಕಿವಿ, ಕಲಿಕೆಯ ತೊಡಕು, ಒಂದು ಕಡೆ ಕೂರಲಾಗದ ತೊಂದರೆ ಇವನ್ನು ಪರೀಕ್ಷಿಸಿ. ಹೆಣ್ಣುಮಕ್ಕಳಲ್ಲಿ ಇದೇ ಆಕ್ರಮಣ ಹಲವು ಸಲ ಕೈಯಿಂದ ಬರದೆ ಮಾತು ಬಿಡುವುದು, ಗುಂಪಿನಿಂದ ಹೊರಗಿಡುವುದು, ಇಲ್ಲದ ಸುದ್ದಿ ಹಬ್ಬಿಸುವುದು ಹೀಗೆ ಬರುತ್ತದೆ. ರಕ್ತ ಕಾಣಿಸದ ಕಾರಣಕ್ಕೆ ಅದನ್ನು ತಳ್ಳಿಹಾಕುತ್ತೇವೆ.

ಹದಿನಾರು ವರ್ಷದ ಮಗ ಏನು ಕೇಳಿದ್ರೂ ಮೈಮೇಲೆ ಬೀಳ್ತಾನೆ. ಬಾಗಿಲು ಒದೀತಾನೆ.

ಹುಡುಗರ ಮೆದುಳಿನಲ್ಲಿ ಭಾವನೆ ಉಕ್ಕಿಸುವ ಭಾಗ ಬೇಗ ಚುರುಕಾಗುತ್ತದೆ. ಹಣೆಯ ಹಿಂದಿನ, ತಡೆದು ಯೋಚಿಸುವ ಭಾಗ ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸು ಆಗುತ್ತದೆ. ಜೊತೆಗಾರರು ನೋಡುತ್ತಿದ್ದರಂತೂ ಆ ತಡೆ ಇನ್ನೂ ಸಡಿಲ. ಆದ್ದರಿಂದ ಸ್ನೇಹಿತರ ಎದುರು, ನೆಂಟರ ಎದುರು ಬಯ್ಯಬೇಡಿ. ಎದುರುಬದುರು ಕೂರಿಸಿ ವಿಚಾರಣೆ ನಡೆಸುವ ಬದಲು ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ತೋಟಕ್ಕೆ ಹೋಗುವಾಗ ಮಾತು ತೆಗೆಯಿರಿ. ಮುಖ ನೋಡಬೇಕಿಲ್ಲದ ಕಡೆ ಈ ವಯಸ್ಸಿನವರು ಬಾಯಿ ಬಿಡುತ್ತಾರೆ.

ಈ ವಯಸ್ಸಿನಲ್ಲಿ ಖಿನ್ನತೆ ಅಳುವಾಗಿ ಬರದೆ ಸಿಡುಕಾಗಿಯೂ ಬರುತ್ತದೆ. ಕ್ರಿಕೆಟ್ ಬಿಟ್ಟಿದ್ದಾನಾ, ಊಟ ಸೇರುತ್ತಿಲ್ಲವಾ, ರಾತ್ರಿಯೆಲ್ಲ ಎಚ್ಚರವಾ, "ನಾನಿಲ್ದಿದ್ರೆ ನಿಮಗೇ ನೆಮ್ಮದಿ" ಅಂದಿದ್ದಾನಾ? ಹಾಗಿದ್ದರೆ ಇದು ಶಿಸ್ತಿನ ಪ್ರಶ್ನೆಯಲ್ಲ, ಡಾಕ್ಟರಿಗೆ ತೋರಿಸಿ. ಗಾಂಜಾ, ಪಂಕ್ಚರ್ ಹಾಕುವ ಸೊಲ್ಯೂಷನ್ ಮೂಸುವುದು ಇದೆಯೇ ಅನ್ನುವುದನ್ನೂ ವಿಚಾರಿಸಿಕೊಳ್ಳಿ.

ಒಳಗಿಟ್ಕೊಂಡ್ರೆ ಕಾಯಿಲೆ, ಹೊರಗೆ ಹಾಕಿಬಿಡಬೇಕು ಅಂತಾರೆ. ದಿಂಬಿಗೆ ಗುದ್ದಿದ್ರೆ ಕಡಿಮೆ ಆಗತ್ತಾ?

ಆಗುವುದಿಲ್ಲ. ಬ್ರಾಡ್ ಬುಶ್‌ಮನ್ ಎಂಬ ಸಂಶೋಧಕ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ರೇಗಿಸಿದವರನ್ನು ನೆನೆದುಕೊಂಡು ಗುದ್ದುಚೀಲಕ್ಕೆ ಗುದ್ದಿದವರ ಸಿಟ್ಟು ಹೆಚ್ಚಿತು. ಸುಮ್ಮನೆ ಕೂತಿದ್ದವರ ಸಿಟ್ಟು ಅವರಿಗಿಂತ ಕಡಿಮೆ ಇತ್ತು. ಬೇಕಾದದ್ದು ಮೈಯ ಕಾವು ಇಳಿಸುವುದು. ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ, ಹತ್ತು ಸಲ. ಮುಖ ತೊಳೆಯಿರಿ. ಜಾಗ ಬಿಟ್ಟು ಹೋಗಿ, ಆದರೆ "ಅರ್ಧ ಗಂಟೆ ಬಿಟ್ಟು ಬರ್ತೀನಿ, ಆಮೇಲೆ ಮಾತಾಡೋಣ" ಅಂತ ಹೇಳಿ ಹೋಗಿ. ಹೇಳದೆ ಹೋದರೆ ಮನೆಯವರಿಗೆ ಅದು ಇನ್ನೊಂದು ಅವಮಾನ. ಹೊರಗೆ ಹೋದವರು ಅದನ್ನೇ ಮೆಲುಕು ಹಾಕುತ್ತಾ ನಿಂತರೆ ಪ್ರಯೋಜನವಿಲ್ಲ.

ಬೆಳಗ್ಗೆ ಬಂಗಾರಪೇಟೆಯಲ್ಲಿ ಟ್ರೈನ್ ಹತ್ತಿ ಬೆಂಗಳೂರಿಗೆ ಹೋದ್ರೆ ವಾಪಸ್ ಬರೋದು ರಾತ್ರಿ. ಮನೆಗೆ ಕಾಲಿಟ್ಟ ಕೂಡಲೇ ರೇಗ್ತೀನಿ. ನಾನು ಕೆಟ್ಟವನಲ್ಲ.

ಕೆಟ್ಟವರು ಅಂತ ನಾನೂ ಹೇಳುತ್ತಿಲ್ಲ. ಮಾಲೂರು, ಬಂಗಾರಪೇಟೆ, ಕೆಜಿಎಫ್ ಕಡೆಯಿಂದ ಇದು ನನಗೆ ಬಹಳ ಸಲ ಬರುವ ಮಾತು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳ ದುಡಿಮೆ ಆ ರೈಲಿನ ಮೇಲೇ ನಿಂತಿದೆ. ನಿಂತುಕೊಂಡು ಪ್ರಯಾಣ, ಮಧ್ಯಾಹ್ನದ ಮೇಲೆ ಹೊಟ್ಟೆಗೆ ಬರೀ ಟೀ, ನಿದ್ದೆ ಐದು ಗಂಟೆ. ಒಳಗೆ ಬರುತ್ತಲೇ ಮಗನ ಮಾರ್ಕ್ಸ್‌ಕಾರ್ಡು, ಸಂಘದ ಕಂತು, ಅತ್ತೆಸೊಸೆ ಮಾತು ಒಟ್ಟಿಗೆ ಎದುರಾಗುತ್ತವೆ.

ನಾನು ಹೇಳುವ ಮದ್ದು ಸಪ್ಪೆ ಅನ್ನಿಸುತ್ತದೆ: ರೈಲು ಇಳಿಯುವ ಮುಂಚೆ ಒಂದು ಬಾಳೆಹಣ್ಣೋ ಕಡ್ಲೆಕಾಯಿಯೋ ತಿನ್ನಿ. ಮನೆಗೆ ಬಂದ ಮೊದಲ ಅರ್ಧ ಗಂಟೆ ಲೆಕ್ಕಪತ್ರದ ಮಾತು ಬೇಡ ಅಂತ ಇಬ್ಬರೂ ಒಪ್ಪಿಕೊಳ್ಳಿ. ಕೈಕಾಲು ತೊಳೆದು, ಮುದ್ದೆ ಉಂಡು, ಆಮೇಲೆ. ಇಷ್ಟಕ್ಕೇ ಸರಿಹೋದ ಮನೆಗಳಿವೆ. ಸರಿಹೋಗದಿದ್ದರೆ, ಯಾರ ಮೇಲೆ ಅನ್ನುವ ಪ್ರಶ್ನೆಗೆ ವಾಪಸ್ ಬನ್ನಿ. ರೈಲಿನಲ್ಲಿ ಕಾಲು ತುಳಿದವನಿಗೆ ಏನೂ ಅನ್ನದವರು ಮನೆಯಲ್ಲಿ ಯಾಕೆ ಅನ್ನುತ್ತೀರಿ?

ಟೊಮೆಟೊ ರೇಟ್ ಬಿದ್ದಾಗೆಲ್ಲ ಮನೇಲಿ ಜಗಳ. ಇದಕ್ಕೂ ಕೌನ್ಸೆಲಿಂಗಾ?

ರೇಟಿಗೆ ಕೌನ್ಸೆಲಿಂಗ್ ಇಲ್ಲ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ಬಿಡಿಸಿದ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದ ವರ್ಷಗಳೂ ಇವೆ. ಸಾಲ ಕೊಟ್ಟವನು ಎದುರಿಗೇ ಇರುವಾಗ ಬಾಯಿಗೆ ಬಂದ ಮಾತು ನುಂಗಿ, ಮನೆಗೆ ಬಂದು ಉಗುಳುವುದು ನಡೆಯುತ್ತದೆ. ಹರಾಜಿನ ದಿನ ಸಂಜೆ ಲೆಕ್ಕ ಬೇಡ, ಮಾರನೇ ದಿನ ಬೆಳಗ್ಗೆ ಕೂರಿ. ಎಷ್ಟು ಹೋಯಿತು ಅನ್ನುವುದನ್ನು ಹೆಂಡತಿಗೆ ನಿಜ ಹೇಳಿ. ಮುಚ್ಚಿಟ್ಟ ಸಾಲದ ಮನೆಯಲ್ಲಿ ಪ್ರತಿ ಪ್ರಶ್ನೆಯೂ ಚುಚ್ಚುಮಾತಾಗಿ ಕೇಳಿಸುತ್ತದೆ.

ಇನ್ನೊಂದನ್ನು ಸಲುಗೆಯಿಂದ ಹೇಳುತ್ತೇನೆ. ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯೊಳಗೆ, ಅಟ್ಟದ ಮೇಲೆ, ಮಂಚದ ಕೆಳಗೆ ಇಡಬೇಡಿ. ಜಗಳದ ಬಿಸಿಯಲ್ಲಿ ಸಿಟ್ಟು ತನ್ನ ಮೇಲೇ ತಿರುಗುವುದು ನಿಮಿಷಗಳ ಮಾತು. ಆ ನಿಮಿಷಗಳಲ್ಲಿ ಕೈಗೆ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತದೆ. ಪಂಪ್‌ಹೌಸಿನಲ್ಲಿ ಬೀಗ ಹಾಕಿಡಿ, ಬೀಗದ ಕೈ ಒಬ್ಬರ ಹತ್ತಿರವೇ ಇರಲಿ. ಪ್ಯಾರಾಕ್ವಾಟ್ ಕಳೆನಾಶಕಕ್ಕೆ ಪ್ರತಿಮದ್ದೇ ಇಲ್ಲ. ಯಾರಾದರೂ ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಾ ಕೂರದೆ, ಡಬ್ಬಿಯ ಸಮೇತ ನೇರ ಆಸ್ಪತ್ರೆಗೆ ಓಡಿ.

ಕುಡಿದಾಗ ಮಾತ್ರ ಹೊಡೀತಾರೆ, ಮಿಕ್ಕಂತೆ ದೇವರಂಥ ಮನುಷ್ಯ.

ಹೆಂಡ ತಡೆಯನ್ನು ಸಡಿಲಿಸುತ್ತದೆ, ಯಾರನ್ನು ಹೊಡೆಯಬೇಕು ಅಂತ ಹೇಳಿಕೊಡುವುದಿಲ್ಲ. ಕುಡಿದವರೆಲ್ಲ ಹೊಡೆಯುವುದೂ ಇಲ್ಲ. ಕುಡಿತಕ್ಕೆ ಚಿಕಿತ್ಸೆ ಕೊಡಿಸಬೇಕು, ಹೊಡೆತವನ್ನು ಬೇರೆಯಾಗಿಯೇ ಹಿಡಿದು ನಿಲ್ಲಿಸಬೇಕು. ಕುಡಿತ ಬಿಟ್ಟ ಮೇಲೂ ಕೈ ನಿಲ್ಲದ ಗಂಡಂದಿರಿದ್ದಾರೆ.

ಎರಡು ಎಚ್ಚರಿಕೆ. ದಿನಾ ಕುಡಿಯುವವರು ಒಮ್ಮೆಗೇ ಬಿಟ್ಟರೆ ಎರಡು ಮೂರು ದಿನದಲ್ಲಿ ಕೈ ನಡುಗಿ, ಇಲ್ಲದ್ದು ಕಂಡು, ಬಡಬಡಿಸಿ, ಹತ್ತಿರ ಹೋದವರ ಮೇಲೆ ಬೀಳಬಹುದು. ಇದು ಜೀವಕ್ಕೆ ಅಪಾಯದ ಸ್ಥಿತಿ, ಹೊಡೆದು ಕಟ್ಟಿಹಾಕುವಂಥದ್ದಲ್ಲ, ಆಸ್ಪತ್ರೆಗೆ ಸೇರಿಸುವಂಥದ್ದು. ಎರಡನೆಯದು, ಕುಡಿತ ಬಿಡಿಸಲು ಅಂತ ಯಾರೋ ಕೊಟ್ಟ ಪುಡಿಯನ್ನು ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸುವುದು. ಅದರಲ್ಲಿ ಡೈಸಲ್ಫಿರಾಮ್ ಇದ್ದು, ಮೇಲೆ ಕುಡಿದರೆ ಬಿ.ಪಿ. ಕುಸಿದು ಪ್ರಾಣಕ್ಕೇ ಬರಬಹುದು. ಅದು ಕುಡಿಯುವವರ ಒಪ್ಪಿಗೆಯಿಂದ, ಡಾಕ್ಟರ ನಿಗಾದಲ್ಲಿ ಕೊಡುವ ಮಾತ್ರೆ.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ. ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಿ ಮೇಡಂ.

ಜಗಳಕ್ಕೆ ಆ ಗಾದೆ ಸರಿ. ಒಬ್ಬರಿಗೆ ಇನ್ನೊಬ್ಬರ ಹೆಜ್ಜೆ ಸಪ್ಪಳ ಕೇಳಿದರೆ ಹೊಟ್ಟೆಯಲ್ಲಿ ನಡುಕ ಬರುವ ಮನೆಗೆ ಆ ಗಾದೆ ಹೊಂದದು. ಅಂಥ ಕಡೆ ಇಬ್ಬರನ್ನೂ ಒಟ್ಟಿಗೆ ಕೂರಿಸಲು ನಾನು ಒಪ್ಪುವುದಿಲ್ಲ. ಇಲ್ಲಿ ಆಡಿದ ನಿಜಕ್ಕೆ ಮನೆಯಲ್ಲಿ ಏಟು ಬೀಳುತ್ತದೆ. ಕುತ್ತಿಗೆ ಹಿಸುಕಿದ್ದರೆ, ಕೊಲ್ಲುತ್ತೇನೆ ಅಂದಿದ್ದರೆ, ಗರ್ಭಿಣಿಗೆ ಹೊಡೆದಿದ್ದರೆ ಪರಿಸ್ಥಿತಿ ತೀರಾ ಅಪಾಯದ್ದು. ಮನೆ ಬಿಡುತ್ತೇನೆ ಅಂತ ಹೇಳಿದ ಹೊತ್ತೂ ಅಪಾಯದ್ದೇ. ಹೇಳದೆ ತಯಾರಿ ಮಾಡಿಕೊಳ್ಳಿ: ಆಧಾರ್, ಪಾಸ್‌ಬುಕ್, ಮಕ್ಕಳ ಕಾಗದ ಪತ್ರ, ಸ್ವಲ್ಪ ದುಡ್ಡು ತವರಿನಲ್ಲೋ ನಂಬಿಕೆಯ ನೆರೆಮನೆಯಲ್ಲೋ ಇರಲಿ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಗಂಡ ಹತ್ತಿರ ಬಾರದ ಹಾಗೆ ರಕ್ಷಣಾ ಆದೇಶ, ಅದೇ ಮನೆಯಲ್ಲಿ ಇರುವ ಹಕ್ಕು, ಖರ್ಚಿನ ಹಣ ಕೇಳಬಹುದು. ತಾಲ್ಲೂಕಿನಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇದರ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರ್‌ಗೆ ಆ ಕಚೇರಿ ಗೊತ್ತಿರುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ.

ಫ್ಯಾಕ್ಟರಿಯಲ್ಲಿ ಹುಡುಗರು ಒಮ್ಮೆಗೇ ತಿರುಗಿಬಿದ್ರು ಅಂತಾರೆ. ಅದು ಹೇಗೆ?

ಒಮ್ಮೆಗೇ ಏನೂ ಆಗುವುದಿಲ್ಲ. 2020ರ ಡಿಸೆಂಬರ್ 12ರಂದು ನರಸಾಪುರದ ಮೊಬೈಲ್ ಕಾರ್ಖಾನೆಯಲ್ಲಿ ಗಾಜು ಒಡೆದು, ವಾಹನ ಉರುಳಿಸಿದ ದೃಶ್ಯಗಳನ್ನು ದೇಶವೇ ನೋಡಿತು. ಅದಕ್ಕೆ ಮುಂಚೆ ಸಂಬಳ ತಡ, ಕಡಿತ, ಹಾಜರಾತಿಯ ಗೊಂದಲ, ಹನ್ನೆರಡು ಗಂಟೆ ಪಾಳಿ ಇದ್ದವು. ಕೆಲವರಿಗೆ ಸಂಬಳ ಸರಿಯಾಗಿ ಸಿಕ್ಕಿರಲಿಲ್ಲ ಅಂತ ಕಂಪನಿಯೇ ಆಮೇಲೆ ಒಪ್ಪಿ ಕ್ಷಮೆ ಕೇಳಿತು. ಒಡೆದದ್ದನ್ನು ಸಮರ್ಥಿಸಲು ಇದನ್ನು ಹೇಳುತ್ತಿಲ್ಲ. ಸೂಪರ್‌ವೈಸರ್‌ಗಳಿಗೆ ಸಿಟ್ಟು ನಿಭಾಯಿಸುವ ತರಬೇತಿ ಕೊಡಿ ಅಂತ ಕರೆದವರಿಗೆ ನಾನು ಮೊದಲು ಕೇಳುವುದು, ದೂರು ಹೇಳಿಕೊಂಡರೆ ಎಷ್ಟು ದಿನದಲ್ಲಿ ಉತ್ತರ ಸಿಗುತ್ತದೆ ಅಂತ.

ಬದುವಿನ ಜಗಳ ಮೂರು ತಲೆಮಾರಿಂದ ಇದೆ. ಊರ ಹಬ್ಬ ಬಂದ್ರೆ ಹೊಡೆದಾಟ.

ಬದುವಿಗೆ ಬೇಕಾದದ್ದು ಸರ್ವೆ, ಪೋಡಿ (ಅವರವರ ಪಾಲು ಅಳೆದು ಬೇರೆ ದಾಖಲೆ ಮಾಡುವುದು), ಗಡಿ ಕಲ್ಲು. ಅದು ಮುಗಿಯದೆ ರಾಜಿಮಾತು ನಿಲ್ಲುವುದಿಲ್ಲ. ಹಬ್ಬದ ದಿನ ಕುಡಿತ, ಗುಂಪು, ನೋಡುವ ಜನ ಮೂರೂ ಸೇರುತ್ತವೆ, ಹಿರಿಯರು ಹಿಂದಿನ ದಿನವೇ ಎರಡೂ ಕಡೆಯವರನ್ನು ಕರೆಯಬೇಕು.

ಆದರೆ ಜಾತಿಯ ಹೊಡೆತವನ್ನು ಈ ಪಟ್ಟಿಗೆ ಸೇರಿಸಬೇಡಿ. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಜೀವಂತ ಸುಟ್ಟರು. ಅದನ್ನು ಉದ್ರೇಕದ ಮಾತಿನಲ್ಲಿ ವಿವರಿಸಲು ಹೊರಡುವುದೇ ತಪ್ಪು. ಅಲ್ಲಿ ಬೇಕಾದದ್ದು ಉಸಿರಾಟದ ಅಭ್ಯಾಸವಲ್ಲ, 1989ರ ದೌರ್ಜನ್ಯ ತಡೆ ಕಾಯ್ದೆ.

ತಾತ ಈ ನಾಲ್ಕು ದಿನದಿಂದ ಕೋಲು ಎತ್ತುತ್ತಿದ್ದಾರೆ. ಮೊದಲು ಹೀಗಿರಲಿಲ್ಲ. ವಯಸ್ಸಿನ ಅರಳುಮರುಳಾ?

ನಾಲ್ಕು ದಿನದಲ್ಲಿ ಬದಲಾದದ್ದನ್ನು ಅರಳುಮರುಳು ಅಂತ ಬಿಡಬೇಡಿ. ಮೂತ್ರದ ಸೋಂಕು, ಎದೆಯ ಸೋಂಕು, ಮಲಬದ್ಧತೆ, ಸೋಡಿಯಂ ಇಳಿದದ್ದು, ಹೊಸ ಮಾತ್ರೆ, ಬಿದ್ದು ತಲೆಗೆ ಪೆಟ್ಟು, ಇವುಗಳಲ್ಲಿ ಯಾವುದಾದರೂ ಇರಬಹುದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಜ್ವರ ಇಲ್ಲದೆಯೂ ಸೋಂಕಿರಬಹುದು.

ವರ್ಷಗಳಿಂದ ನಿಧಾನವಾಗಿ ಮರೆವು ಬಂದಿದ್ದರೆ ಬೇರೆ ದಾರಿ. ಸ್ನಾನದ ಹೊತ್ತಿಗೆ ಹೊಡೆಯುವ ಅಜ್ಜಿಯನ್ನು ನೋಡಿ: ಹಿಂದಿನಿಂದ ಬಂದು ಸೀರೆ ಬಿಚ್ಚುತ್ತೇವೆ, ತಲೆಗೆ ನೀರು ಹುಯ್ಯುತ್ತೇವೆ. ಯಾರೆಂದು ಗುರುತು ಸಿಗದವಳಿಗೆ ಅದು ದಾಳಿ. ಎದುರಿನಿಂದ ಬನ್ನಿ, ಹೆಸರು ಹೇಳಿ, ಮೊದಲು ನೀರನ್ನು ಅವರ ಕೈಗೆ ಮುಟ್ಟಿಸಿ, ಮೈಮೇಲೊಂದು ಟವೆಲ್ ಇರಲಿ. ಸಂಜೆ ಕತ್ತಲಾಗುವ ಮುಂಚೆ ದೀಪ ಹಾಕಿ. ತೀರಿಹೋದವರನ್ನು ಎಲ್ಲಿ ಅಂತ ಕೇಳಿದರೆ "ಅವರು ಸತ್ತು ಹತ್ತು ವರ್ಷ ಆಯ್ತಲ್ಲಮ್ಮ" ಅಂತ ವಾದಕ್ಕೆ ಇಳಿಯಬೇಡಿ.

ಇದ್ದಕ್ಕಿದ್ದ ಹಾಗೆ ಯಾರಾದ್ರೂ ಎಗರಾಡಿದ್ರೆ ಕಾಯಿಲೆ ಇರಬಹುದಾ?

ಇರಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಊಟ ತಪ್ಪಿಸಿದವರು ಬೆವರಿ, ನಡುಗಿ, ಕಿರುಚಾಡಬಹುದು. ಎಚ್ಚರವಿದ್ದರೆ ಮೂರು ನಾಲ್ಕು ಚಮಚ ಸಕ್ಕರೆ ಕದಡಿ ಕುಡಿಸಿ, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಫಿಟ್ಸ್ ಬಂದು ಹೋದ ಮೇಲಿನ ಗೊಂದಲದಲ್ಲಿ ಅದುಮಿ ಹಿಡಿದರೆ ಹೊಡೆಯಬಹುದು, ಹಿಡಿಯಬೇಡಿ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರ ಸ್ವಭಾವವೇ ಬದಲಾಗುವುದುಂಟು.

ಮಾನಸಿಕ ಕಾಯಿಲೆ ಇರುವವರೆಲ್ಲ ಹೊಡೆಯುತ್ತಾರೆ ಅನ್ನುವುದು ಸುಳ್ಳು. ಅವರಲ್ಲಿ ಹೆಚ್ಚಿನವರು ಯಾರಿಗೂ ಕೈ ಮಾಡುವುದಿಲ್ಲ, ಏಟು ತಿನ್ನುವವರೇ ಜಾಸ್ತಿ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ದೇವರಿಗೆ ಹರಕೆ ಹೊರುವುದಕ್ಕೆ ನನ್ನ ಅಡ್ಡಿಯಿಲ್ಲ, ಗಾಳಿ ಬಿಡಿಸುತ್ತೇವೆಂದು ಬೆತ್ತದಿಂದ ಹೊಡೆಯುವ ಕಡೆ ಬಿಟ್ಟುಬರಬೇಡಿ.

ಎದುರಿಗಿರೋರು ಕೆರಳಿ ನಿಂತಾಗ ಆ ಕ್ಷಣಕ್ಕೆ ಏನು ಮಾಡೋದು?

ಎರಡು ಕೈ ದೂರ ನಿಲ್ಲಿ, ಸ್ವಲ್ಪ ಓರೆಯಾಗಿ, ಬಾಗಿಲಿಗೆ ಅವರಿಗಿಂತ ನೀವು ಹತ್ತಿರವಿರುವಂತೆ. ಕೈಗಳು ಕಾಣುತ್ತಿರಲಿ. ದನಿ ತಗ್ಗಿಸಿ. "ಸಮಾಧಾನ ಮಾಡ್ಕೊಳ್ಳಿ" ಅನ್ನಬೇಡಿ, ಅದನ್ನು ಕೇಳಿ ಸಮಾಧಾನವಾದವರನ್ನು ನಾನು ನೋಡಿಲ್ಲ. "ಬೆಳಗ್ಗೆಯಿಂದ ಕಾಯ್ತಿದ್ದೀರಿ, ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ" ಅಂತ ಆದದ್ದನ್ನು ಹೇಳಿ. ಒಬ್ಬರೇ ಮಾತಾಡಿ. ಸುತ್ತ ನಿಂತು ವಿಡಿಯೋ ಮಾಡುವವರನ್ನು ಕಳಿಸಿ. ಕುಡುಗೋಲು, ಮಚ್ಚು ಕಂಡರೆ ಮಾತು ಬಿಟ್ಟು ಜಾಗ ಖಾಲಿ ಮಾಡಿ 112ಕ್ಕೆ ಫೋನ್ ಮಾಡಿ.

ಎಲ್ಲಿಗೆ ಹೋಗಬೇಕು?

14416 ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲೂ ರಾತ್ರಿ, ಉಚಿತ. ಕನ್ನಡದಲ್ಲೇ ಮಾತಾಡಬಹುದು. ಹೆಣ್ಣುಮಕ್ಕಳಿಗೆ 181, ಮಕ್ಕಳಿಗೆ 1098, ಹಿರಿಯರಿಗೆ 14567, ಕಾನೂನು ನೆರವಿಗೆ 15100. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ, ಹೊರಡುವ ಮುಂಚೆ ನಿಮ್ಮೂರ ಆಶಾ ಕಾರ್ಯಕರ್ತೆಯ ಹತ್ತಿರ ಆ ವಾರದ್ದು ವಿಚಾರಿಸಿಕೊಳ್ಳಿ. ಕಷ್ಟದ ಕೇಸುಗಳನ್ನು ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಬರೆದುಕೊಡುತ್ತಾರೆ.

ಹೋಗುವಾಗ ತಿನ್ನುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ಕಳೆದ ಎರಡು ವಾರದಲ್ಲಿ ಯಾವತ್ತು, ಎಷ್ಟು ಹೊತ್ತಿಗೆ, ಯಾರ ಮೇಲೆ, ಅದಕ್ಕೆ ಮುಂಚೆ ಏನು ನಡೀತು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬರೆಯಲು ಬಾರದಿದ್ದರೆ ಓದುವ ಮಕ್ಕಳ ಕೈಲಿ ಇದನ್ನು ಬರೆಸಬೇಡಿ, ಫೋನಿನಲ್ಲಿ ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿಕೊಂಡು ಬನ್ನಿ.